ಕಾಂಜಿಕದಿಂದ ಪಾದಸೇಚನ: ಅಲಸರೋಗದ ಒಂದು ಗೃಹಚಿಕಿತ್ಸೆಯ ಇತಿಹಾಸವೂ ಅದರ ಮೇರೆಯೂ

೧. ವಿಷಯನಿರ್ದೇಶ

ವಿನಿಗರನ್ನು ನೀರಿಗೆ ಬೆರೆಸಿ ಅದರಲ್ಲಿ ಪಾದಗಳನ್ನು ನೆನೆಯಿಡುವ ಉಪಚಾರವು ಈಚೆಗೆ ಮನೆಮದ್ದೆಂದು ಬಹಳ ಹೆಸರಾಗಿದೆ. ಬೆರಳ ಸಂದಿನ ತುರಿಕೆಗೆ ಅದೇ, ಹಿಮ್ಮಡಿಯ ಬಿರುಕಿಗೆ ಅದೇ, ಕಾಲಿನ ದುರ್ಗಂಧಕ್ಕೂ ಉರಿಗೂ ಅದೇ ಎಂದು ಜನರು ಹೇಳುತ್ತಾರೆ. ಇದನ್ನು ಕೆಲವರು ಪರದೇಶದಿಂದ ಬಂದ ಹೊಸ ಪದ್ಧತಿಯೆಂದು ತಳ್ಳಿಬಿಡುವರು. ಕೆಲವರು ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂಬ ಅಭಿಮಾನದಿಂದ ವಿಚಾರವಿಲ್ಲದೆ ಅಂಗೀಕರಿಸುವರು. ಈ ಎರಡು ಮತಗಳೂ ಗ್ರಂಥಗಳನ್ನು ತೆರೆದು ನೋಡದೆ ಹುಟ್ಟಿದವುಗಳು. ಹುಳಿನೀರಿನಲ್ಲಿ ಪಾದವನ್ನು ನೆನೆಸುವ ವಿಧಿಯು ಸುಶ್ರುತಸಂಹಿತೆಯಲ್ಲಿಯೇ ಉಂಟು. ಆದರೆ ಅದು ಯಾವ ರೋಗಕ್ಕೆ, ಯಾವ ಕ್ರಮದಲ್ಲಿ, ಯಾವುದರ ಅಂಗವಾಗಿ ಉಕ್ತವಾಗಿದೆಯೋ ಅದನ್ನು ಇಂದಿನ ಮನೆಮದ್ದು ಪೂರ್ತಿಯಾಗಿ ಮರೆತಿದೆ. ಈ ಎರಡು ಮಾತುಗಳನ್ನು ಪ್ರಮಾಣಪೂರ್ವಕವಾಗಿ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ಬನವಾಸಿಯ ಸೀಮೆಗೆ ವಿಶೇಷವಾಗಿ ಸಂಬಂಧಪಟ್ಟುದು. ಕದಂಬರ ರಾಜಧಾನಿಯಾಗಿ, ಪಂಪನ ಪ್ರೀತಿಗೆ ಪಾತ್ರವಾಗಿ ಪ್ರಸಿದ್ಧವಾದ ಈ ನಾಡು ವರದಾನದಿಯ ಬತ್ತದ ಬಯಲುಗಳಿಂದ ತೊಡಗಿ ಪಶ್ಚಿಮಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಯ ಕಣಿವೆಗಳವರೆಗೆ ಹಬ್ಬಿದೆ. ಶಿರಸಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕೇ ತಿಂಗಳುಗಳದು. ಆ ನಾಲ್ಕು ತಿಂಗಳೂ ಕೃಷಿಕನ ಕಾಲು ಒಣಗುವುದೆಂಬುದಿಲ್ಲ. ಗದ್ದೆಯಲ್ಲಿ ನೆಟ್ಟಿಯ ಕೆಸರು, ತೋಟದಲ್ಲಿ ಬಸಿಗಾಲುವೆಯ ನೀರು, ಕೊಟ್ಟಿಗೆಯಲ್ಲಿ ಸೊಪ್ಪು ಸಗಣಿಗಳ ರೊಚ್ಚು. ೧೮೦೧ರಲ್ಲಿ ಸೋಂದೆ, ಶಿರಸಿ, ಬನವಾಸಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನನು ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇಲ್ಲಿಯ ಅಡಿಕೆ ತೋಟಗಳ ಬೇಸಾಯವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಬೇಸಾಯದ ಭಾರವನ್ನು ಹೊತ್ತ ಪಾದಗಳ ವ್ಯಾಧಿಯ ಇತಿಹಾಸವನ್ನು ಅರಸಬೇಕಾದರೆ ನಾವು ವೈದ್ಯಗ್ರಂಥಗಳಿಗೇ ಹೋಗಬೇಕು.

೨. ಅಲಸವೆಂಬ ರೋಗ

ಸುಶ್ರುತನು ನಿದಾನಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿ ಕ್ಷುದ್ರರೋಗಗಳನ್ನು ಎಣಿಸುವಾಗ ಅಲಸವೆಂಬುದನ್ನು ಹೇಳುತ್ತಾನೆ. ಕೆಟ್ಟ ಕೆಸರಿನ ಸಂಸ್ಪರ್ಶದಿಂದ ಬೆರಳುಗಳ ನಡುವಣ ಎಡೆಯು ಕ್ಲಿನ್ನವಾಗಿ, ಎಂದರೆ ಬಿಳಿಚಿ ಮೆತ್ತಗಾಗಿ, ತುರಿಕೆ ಉರಿ ನೋವುಗಳಿಂದ ಕೂಡಿದ ಪಾದರೋಗವೇ ಅಲಸ. ವಾಗ್ಭಟನೂ ಮಾಧವಕರನೂ ಇದನ್ನೇ ಅನುಸರಿಸಿದ್ದಾರೆ. ನಮ್ಮ ಜನರು ಕೆಸರುಹುಣ್ಣು ಎಂದು ಕರೆಯುವುದೂ ಇದನ್ನೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸಂಸ್ಕೃತದ ಲಕ್ಷಣವಾಕ್ಯವೂ ದೇಶಭಾಷೆಯ ಹೆಸರೂ ರೋಗದ ಹೇತುವನ್ನು ಒಂದೇ ಶಬ್ದದಲ್ಲಿ ಹಿಡಿದಿರುವುದು ಗಮನಾರ್ಹವಾಗಿದೆ: ಅಲ್ಲಿ ಕರ್ದಮ, ಇಲ್ಲಿ ಕೆಸರು.

ಇಲ್ಲಿ ಒಂದು ಶಬ್ದಭ್ರಾಂತಿಯನ್ನು ನಿವಾರಿಸುವುದು ಅವಶ್ಯ. ಅಲಸಕವೆಂಬ ಇನ್ನೊಂದು ರೋಗವುಂಟು. ಅದು ಅಜೀರ್ಣದ ಭೇದ, ಅನ್ನವು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಹೊಟ್ಟೆಯಲ್ಲಿ ನಿಂತುಬಿಡುವ ಸ್ಥಿತಿ. ಪಾದದ ಅಲಸಕ್ಕೂ ಅದಕ್ಕೂ ಹೆಸರಿನ ಸಾದೃಶ್ಯವಲ್ಲದೆ ಬೇರೆ ನಂಟಿಲ್ಲ. ಪಾಠ ಹೇಳುವವರು ಈ ಎರಡನ್ನು ಬೆರೆಸದಂತೆ ಎಚ್ಚರವಹಿಸಬೇಕು.

ಅಲಸಕ್ಕೆ ಪ್ರತಿಯಾಗಿ ಅದೇ ಅಧ್ಯಾಯದಲ್ಲಿ ಪಾದದಾರಿಯೆಂಬ ಇನ್ನೊಂದು ರೋಗವು ಪಠಿತವಾಗಿದೆ. ಹೆಚ್ಚಾಗಿ ನಡೆದಾಡುವವನ ಪಾದಗಳು ವಾತದಿಂದ ಅತ್ಯಂತ ರೂಕ್ಷವಾಗಿ ಅಂಗಾಲಿನ ಕಡೆ ಸೀಳುವುದು ಇದರ ಲಕ್ಷಣ. ಇದೇ ನಮ್ಮ ಹಿಮ್ಮಡಿ ಒಡಕು. ಒಂದು ಕ್ಲೇದದ ರೋಗ, ಒಂದು ರೂಕ್ಷತೆಯ ರೋಗ. ಒಂದು ಮಳೆಗಾಲದ್ದು, ಒಂದು ಬಹುಮಟ್ಟಿಗೆ ಚಳಿಬೇಸಗೆಗಳದ್ದು. ಮುಂದಿನ ವಿಚಾರವೆಲ್ಲ ಈ ಭೇದದ ಮೇಲೆ ನಿಂತಿದೆ.

೩. ಚಿಕಿತ್ಸಾವಿಧಿ

ಚಿಕಿತ್ಸಾಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ಸುಶ್ರುತನು ಅಲಸಕ್ಕೆ ಹೇಳಿದ ಉಪಾಯವು ಎರಡು ಹೆಜ್ಜೆಗಳದು. ಮೊದಲು ಪಾದಗಳನ್ನು ಆರನಾಲದಿಂದ ಸೇಚನಮಾಡಬೇಕು; ಬಳಿಕ ಬೇವು, ಎಳ್ಳು, ಕಾಸೀಸ, ಆಲ, ಸೈಂಧವಗಳ ಕಲ್ಕವನ್ನು ಲೇಪಿಸಬೇಕು. ಲಾಕ್ಷಾರಸ, ಅಳಲೆಕಾಯಿ, ರಕ್ತಮೋಕ್ಷಣ ಇವು ಪಕ್ಷಾಂತರಗಳು. ಚಕ್ರದತ್ತಾದಿ ಸಂಗ್ರಹಗ್ರಂಥಗಳು ಆರನಾಲವೆಂಬ ವಿಶೇಷಶಬ್ದವನ್ನು ಬಿಟ್ಟು ಅಮ್ಲವೆಂಬ ಸಾಮಾನ್ಯಶಬ್ದವನ್ನು ಹಿಡಿದು, ಪಾದಗಳನ್ನು ಬಹಳ ಹೊತ್ತು ನೆನೆಸಿ ಅನಂತರ ಲೇಪಿಸಬೇಕೆಂದು ವಿಧಿಸುತ್ತವೆ. ವಿಶೇಷವು ಸಾಮಾನ್ಯವಾದುದರಿಂದ ಮನೆಯಲ್ಲಿ ಸಿಕ್ಕುವ ಯಾವ ಹುಳಿಯೇ ಆಗಲಿ ಸಲ್ಲುವುದೆಂಬ ಅರ್ಥಕ್ಕೆ ದಾರಿಯಾಯಿತು. ಶಾಸ್ತ್ರೀಯ ಯೋಗವು ಗೃಹಚಿಕಿತ್ಸೆಯಾಗಿ ಇಳಿದುಬರುವ ಮೆಟ್ಟಿಲು ಇದೇ ಎಂದು ನನಗೆ ತೋರುವುದು.

ಪಾದದಾರಿಗಾದರೋ ಸುಶ್ರುತನು ಹುಳಿಯ ಹೆಸರನ್ನೇ ಎತ್ತುವುದಿಲ್ಲ. ಅಲ್ಲಿ ಸಿರಾವ್ಯಧವಾದ ಮೇಲೆ ಸ್ವೇದ, ಅಭ್ಯಂಗ. ಅನಂತರ ಜೇನುಮೇಣ, ವಸೆ, ಮಜ್ಜೆ, ಸರ್ಜರಸದ ಪುಡಿ, ತುಪ್ಪ ಮೊದಲಾದವುಗಳ ಲೇಪ. ಒದ್ದೆಯನ್ನು ಒಣಗಿಸತಕ್ಕದ್ದು ಒಂದೆಡೆ, ಒಣಗಿದ್ದನ್ನು ಸ್ನಿಗ್ಧಗೊಳಿಸತಕ್ಕದ್ದು ಮತ್ತೊಂದೆಡೆ. ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಮುರುಗಲುತುಪ್ಪವನ್ನು ಸವರುವ ರೂಢಿಯು ಈ ಶಾಸ್ತ್ರದೊಡನೆ ಪೂರ್ಣವಾಗಿ ಹೊಂದುವುದು. ಒಂದೇ ಮುರುಗಲಮರದ ಹಣ್ಣಿನ ಸಿಪ್ಪೆ ಹುಳಿಗೆ, ಬೀಜದ ತುಪ್ಪ ಬಿರುಕಿಗೆ ಎಂದು ಜನರು ವಿಂಗಡಿಸಿಕೊಂಡದ್ದು ಸಾಮಾನ್ಯವಾದ ವಿವೇಕವಲ್ಲ.

೪. ಆರನಾಲವೆಂದರೇನು

ಅಮರಸಿಂಹನು ಆರನಾಲ, ಸೌವೀರ, ಅವಂತಿಸೋಮ, ಧಾನ್ಯಾಮ್ಲ ಮೊದಲಾದವುಗಳನ್ನೆಲ್ಲ ಕಾಂಜಿಕದ ಪರ್ಯಾಯಗಳೆಂದು ಒಂದೇ ಸಾಲಿನಲ್ಲಿ ಕಟ್ಟಿದ್ದಾನೆ. ಕೋಶಕಾರನಿಗೆ ಇಷ್ಟು ಸಾಕು, ವೈದ್ಯನಿಗೆ ಸಾಲದು. ಹದಿನಾರನೆಯ ಶತಮಾನದ ಭಾವಪ್ರಕಾಶವು ಸಂಧಾನವರ್ಗದಲ್ಲಿ ಇವನ್ನು ಬಿಡಿಸಿ ಹೇಳುತ್ತದೆ: ಹೊಟ್ಟು ತೆಗೆದ ಗೋದಿಯಿಂದಾದದ್ದು ಆರನಾಲ, ಹೊಟ್ಟು ತೆಗೆದ ಜವೆಯಿಂದಾದದ್ದು ಸೌವೀರ, ಹೊಟ್ಟಿನೊಡನೆ ಕೂಡಿದ ಜವೆಯದು ತುಷೋದಕ, ಅಕ್ಕಿ ಮೊದಲಾದ ಧಾನ್ಯಗಳದು ಧಾನ್ಯಾಮ್ಲ. ಗಡ್ಡೆ ಬೇರು ಹಣ್ಣುಗಳನ್ನು ಎಣ್ಣೆ ಉಪ್ಪುಗಳೊಡನೆ ದ್ರವದಲ್ಲಿ ಹುಳಿಯಿಟ್ಟರೆ ಅದು ಶುಕ್ತ. ಪಾಶ್ಚಾತ್ಯರ ವಿನಿಗರಿಗೆ ಸಮೀಪವಾದದ್ದು ಈ ಶುಕ್ತವೇ. ಪಾರಸಿಕದ ಸಿರ್ಕಾ ಶಬ್ದವು ಮುಸಲ್ಮಾನರ ಆಳಿಕೆಯಲ್ಲಿ ಯುನಾನಿ ವೈದ್ಯರ ಮೂಲಕ ಪರಿಚಿತವಾಯಿತು. ಗೋವೆಯ ಕ್ರೈಸ್ತರು ಕಳ್ಳನ್ನು ಹುಳಿಸಿ ಮಾಡುವ ವಿನಿಗರು ಪೋರ್ತುಗೀಜರ ಸಂಪರ್ಕದ ಫಲ. ಹೆಸರುಗಳು ಪರದೇಶದವಾದರೂ ವಸ್ತುವು ಪರದೇಶದ್ದಲ್ಲ.

ಆದರೆ ದ್ರವ್ಯಗುಣದಲ್ಲಿ ವ್ಯತ್ಯಾಸವುಂಟು. ಧಾನ್ಯವು ನೀರಿನಲ್ಲಿ ಹುಳಿತಾಗ ಮುಖ್ಯವಾಗಿ ಹುಟ್ಟುವುದು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ; ಮದ್ಯವು ಮತ್ತೆ ಹುಳಿತಾಗ ಹುಟ್ಟುವುದು ಅಸಿಟಿಕ್ ಆಮ್ಲ. ಅಂಗಡಿಯ ವಿನಿಗರಿನಲ್ಲಿ ಈ ಎರಡನೆಯದು ಸುಮಾರಾಗಿ ಶೇಕಡಾ ೪ರಿಂದ ೮ರ ವರೆಗೆ ಇರುವುದು. ಆದುದರಿಂದ ಕಾಂಜಿಕಕ್ಕೆ ಹೇಳಿದ ಕಾಲಪ್ರಮಾಣಗಳನ್ನು ನೀರು ಬೆರೆಸದ ವಿನಿಗರಿಗೆ ಹಾಗೆಯೇ ಅನ್ವಯಿಸತಕ್ಕದ್ದಲ್ಲ. ಚಿರಕಾಲ ನೆನೆಸಬೇಕೆಂಬ ಮಾತು ಮೃದುವಾದ ಹುಳಿಗಂಜಿಗೆ ಒಪ್ಪಬಹುದು. ತೀಕ್ಷ್ಣವಾದ ವಿನಿಗರಿಗೆ ಅದು ಅಪಾಯಕರ.

ಧಾನ್ಯಾಮ್ಲವು ವೀರ್ಯದಲ್ಲಿ ತೀಕ್ಷ್ಣೋಷ್ಣವಾಗಿ ಪಿತ್ತವನ್ನು ಹೆಚ್ಚಿಸುವುದಾದರೂ ಸ್ಪರ್ಶದಲ್ಲಿ ಶೀತಲವೆಂದು ಅಷ್ಟಾಂಗಹೃದಯದ ಸೂತ್ರಸ್ಥಾನವು ಹೇಳುತ್ತದೆ. ಒಳಗೆ ಒಂದು ಗುಣ, ಹೊರಗೆ ಒಂದು ಗುಣ. ಉರಿಯುವ ಪಾದಕ್ಕೆ ಹುಳಿನೀರು ತಂಪೆನಿಸುವ ಅನುಭವವನ್ನು ಆಚಾರ್ಯನು ಕಂಡಿದ್ದಾನೆ. ಆ ತಂಪಿನಿಂದಲೇ ಅದು ಮೂಲರೋಗವನ್ನು ಕಳೆಯುವುದೆಂದು ಮಾತ್ರ ಅವನು ಹೇಳಿಲ್ಲ.

೫. ಧರ್ಮಶಾಸ್ತ್ರದ ನಿರ್ಬಂಧವೂ ಮಲೆನಾಡಿನ ಹುಳಿಯೂ

ಈ ಯೋಗವು ಕನ್ನಡನಾಡಿಗೆ ಬಂದಾಗ ಎರಡು ಕಡೆಯಿಂದ ತಡೆಯನ್ನು ಎದುರಿಸಬೇಕಾಯಿತು. ಮನುಸ್ಮೃತಿಯು ಬ್ರಹ್ಮಚಾರಿಗೆ ಶುಕ್ತಗಳನ್ನು ನಿಷೇಧಿಸಿದೆ. ದ್ವಿಜರಿಗೂ ಶುಕ್ತಗಳಲ್ಲಿ ಮೊಸರು ಮತ್ತು ಮೊಸರಿನಿಂದಾದವುಗಳು ಭಕ್ಷ್ಯವೆಂದು ಅಪವಾದವನ್ನು ಕಲ್ಪಿಸಿದೆ. ಜೈನವೈದ್ಯರಲ್ಲಿ ಉಗ್ರಾದಿತ್ಯನ ಕಲ್ಯಾಣಕಾರಕವು ಮದ್ಯ ಮಾಂಸ ಮಧುಗಳನ್ನು ಔಷಧದಲ್ಲಿಯೂ ವರ್ಜಿಸಿತು. ಈ ಸಂಪ್ರದಾಯವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ತನ್ನ ಕರ್ಣಾಟಕ ಕಲ್ಯಾಣಕಾರಕದ ಮೂಲಕ ಕನ್ನಡಕ್ಕೆ ತಂದನು. ನಿಷೇಧವು ಭಕ್ಷಣಕ್ಕೆ ಸಂಬಂಧಪಟ್ಟುದು, ಪಾದಸೇಚನಕ್ಕಲ್ಲ, ಎಂಬುದು ನಿಜ. ಆದರೂ ಭಕ್ಷ್ಯವಲ್ಲದ ಹುಳಿಯನ್ನು ಆಚಾರವಂತರ ಮನೆಗಳಲ್ಲಿ ಪಾದಕ್ಕೋಸ್ಕರ ಹುಳಿಯಿಟ್ಟು ಕಾಯುವರೆಂದು ನಿರೀಕ್ಷಿಸುವಂತಿಲ್ಲ. ಅಡಿಗೆಮನೆಯಲ್ಲಿ ಇಲ್ಲದ ವಸ್ತುವು ಮನೆಮದ್ದಾಗುವುದು ಅಪರೂಪ.

ಇದರ ಜೊತೆಗೆ ಸಹ್ಯಾದ್ರಿಯ ಮಡಿಲು ಮರದ ಹುಳಿಗಳ ಭಂಡಾರ. ಉಪ್ಪಾಗೆ, ಮುರುಗಲು, ವಾಟೆ, ಅಪ್ಪೆಮಾವು, ಕಂಚಿ, ನಿಂಬೆ ಇವೆಲ್ಲ ಈ ನಾಡಿನ ಅಡಿಗೆಯಲ್ಲಿ ಹುಳಿಯ ಸ್ಥಾನವನ್ನು ತುಂಬಿವೆ. ಮಜ್ಜಿಗೆಯಂತೂ ಸ್ಮೃತಿಸಮ್ಮತವಾದ ಹುಳಿ. ಧಾನ್ಯದ ಕಾಂಜಿಕವು ಈ ಸೀಮೆಯ ಗೃಹವೈದ್ಯದಲ್ಲಿ ಬೇರೂರದಿರುವುದಕ್ಕೆ ಮೇಲಿನ ನಿರ್ಬಂಧವೂ ಈ ಸಮೃದ್ಧಿಯೂ ಕೂಡಿ ಕಾರಣವಾಗಿರಬೇಕೆಂಬುದು ನನ್ನ ಊಹೆ. ಇದನ್ನು ಊಹೆಯೆಂದೇ ವಾಚಕರು ಗ್ರಹಿಸಬೇಕು. ತಾಡವೋಲೆಗಳಲ್ಲಿಯೂ ಮನೆಯ ಕಡತಗಳಲ್ಲಿಯೂ ಉಳಿದಿರುವ ವೈದ್ಯಯೋಗಗಳನ್ನು ಸಂಶೋಧಿಸಿದರೆ ಇದರ ನಿಜಾನಿಜಗಳು ತಿಳಿಯಬಹುದು.

ಗೃಹವೈದ್ಯವನ್ನು ಬರಹಕ್ಕೆ ಇಳಿಸುವ ಸಂಪ್ರದಾಯವು ಕನ್ನಡದಲ್ಲಿ ಅಲ್ಪವಾದುದಲ್ಲ. ೧೦೨೫ರ ಸುಮಾರಿನಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ ಲೋಕೋಪಕಾರವು ಸೂಪಶಾಸ್ತ್ರ, ವೃಕ್ಷಾಯುರ್ವೇದಗಳ ಪಕ್ಕದಲ್ಲಿಯೇ ನರವೈದ್ಯವನ್ನೂ ಇರಿಸಿಕೊಂಡಿದೆ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (೧೧೨೯) ಅರಸನ ಉಪಭೋಗಗಳಲ್ಲಿ ಪಾದಾಭ್ಯಂಗಕ್ಕೆ ಪ್ರತ್ಯೇಕವಾದ ಪ್ರಕರಣವನ್ನೇ ಮೀಸಲಿಟ್ಟಿದೆ. ಕೆಳದಿಯ ಬಸವಪ್ಪನಾಯಕನ ಶಿವತತ್ತ್ವರತ್ನಾಕರವು (೧೭೦೯) ಬನವಾಸಿಗೆ ನೆರೆಯ ರಾಜ್ಯದಲ್ಲಿ ಹುಟ್ಟಿದ ಸಕಲವಿದ್ಯಾಕೋಶ. ಅರಸನ ಪಾದಕ್ಕೆ ಅಭ್ಯಂಗ, ಒಕ್ಕಲಿಗನ ಪಾದಕ್ಕೆ ಸೇಚನ: ಮೊದಲನೆಯದು ಸುಖಕ್ಕೆ, ಎರಡನೆಯದು ಮರುದಿನ ಮತ್ತೆ ಕೆಸರಿಗೆ ಇಳಿಯುವ ನಿರ್ಬಂಧಕ್ಕೆ.

೬. ಗುಣವೆಷ್ಟು

ಈ ಉಪಚಾರದಲ್ಲಿ ಸತ್ತ್ವವಿದೆಯೆ ಎಂಬ ಪ್ರಶ್ನೆಗೆ ಇಂದಿನ ಪರೀಕ್ಷೆಗಳು ಒಂದು ಮಟ್ಟಿನ ಉತ್ತರವನ್ನು ಕೊಡುತ್ತವೆ. ಆರೋಗ್ಯವಂತ ಚರ್ಮದ ಮೇಲ್ಪದರವು ಸ್ವಭಾವತಃ ತುಸು ಹುಳಿಯಾದುದು. ಕೆಸರುನೀರಿನಲ್ಲಿ ನೆನೆದು ಈ ಹುಳಿ ಕುಂದಿ ಮೇಲ್ಪದರವು ಮೆತ್ತಗಾದಾಗ ಬೂಷ್ಟುಜಾತಿಯ ಜೀವಿಗಳಿಗೂ ಬ್ಯಾಕ್ಟೀರಿಯಗಳಿಗೂ ಎಡೆಯಾಗುವುದು. ಹುಳಿಯ ದ್ರವವು ಇವುಗಳ ಬೆಳವಣಿಗೆಯನ್ನು ಪಾತ್ರೆಯೊಳಗಿನ ಪ್ರಯೋಗಗಳಲ್ಲಿ ತಡೆಯುತ್ತದೆ. ಗಾಯದಲ್ಲಿ ಹಸುರುಗೀವು ಬರಿಸುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದ ಮೇಲೆ ತೆಳುವಾದ ಅಸಿಟಿಕ್ ಆಮ್ಲವು ಪರಿಣಾಮಕಾರಿಯೆಂಬುದು ಮೊದಲನೆಯ ಮಹಾಯುದ್ಧದ ಕಾಲದಿಂದ, ೧೯೧೬ರಿಂದ, ವೈದ್ಯರ ಅನುಭವಕ್ಕೆ ಬಂದುದಾಗಿದೆ. ಇದೇ ಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸೈನಿಕರ ಪಾದಗಳು ಕೊಳೆತ ಕಥೆಯು ಪ್ರಸಿದ್ಧ. ಅಲ್ಲಿ ಪಾದಗಳನ್ನು ಉಳಿಸಿದ್ದು ಮುಖ್ಯವಾಗಿ ಕಾಲುಚೀಲವನ್ನು ಬದಲಾಯಿಸುವುದು, ಪಾದವನ್ನು ಒರೆಸಿ ಒಣಗಿಸುವುದು, ದಿನದಿನವೂ ಪರೀಕ್ಷಿಸುವುದು, ಈ ನಿಯಮಗಳೇ. ಹೇತುವನ್ನು ಪರಿವರ್ಜಿಸುವುದೇ ಸಂಕ್ಷೇಪದಲ್ಲಿ ಚಿಕಿತ್ಸೆಯೆಂದು ನಮ್ಮ ಆಚಾರ್ಯರು ಹೇಳಿದ ತತ್ತ್ವಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ.

ಆದುದರಿಂದ ಚರ್ಮವು ಒಡೆಯದೆ, ತುರಿಕೆಯು ಈಗತಾನೆ ತೋರಿರುವ ಸ್ಥಿತಿಯಲ್ಲಿ, ತೆಳುಮಾಡಿದ ಹುಳಿನೀರಿನಿಂದ ಸ್ವಲ್ಪಹೊತ್ತು ತೊಳೆದು ಬೆರಳ ಸಂದುಗಳನ್ನು ಚೆನ್ನಾಗಿ ಒಣಗಿಸುವುದು ಉಪಶಮನಕ್ಕೆ ನೆರವಾಗಬಹುದು, ದುರ್ಗಂಧವೂ ಕುಗ್ಗಬಹುದು. ಇಷ್ಟಕ್ಕೆ ಅದರ ಗುಣವು ನಿಲ್ಲುವುದು. ಬೇರುಬಿಟ್ಟ ಬೂಷ್ಟುರೋಗವನ್ನು ವಿನಿಗರೊಂದೇ ಗುಣಪಡಿಸುವುದೆಂದು ಮನುಷ್ಯರಲ್ಲಿ ನಡೆದ ಸಮರ್ಪಕವಾದ ಪರೀಕ್ಷೆಗಳಿಂದ ಸಿದ್ಧವಾಗಿಲ್ಲ. ಅದಕ್ಕೆ ಪರೀಕ್ಷಿತವಾದ ಲೇಪಗಳು ಇಂದು ಅಂಗಡಿಯಲ್ಲಿಯೇ ಸುಲಭವಾಗಿ ದೊರೆಯುತ್ತವೆ.

೭. ಮೇರೆಗಳು

ಮೊದಲನೆಯ ಮೇರೆಯು ಚರ್ಮದ್ದು. ೨೦೧೯ರಲ್ಲಿ ಪ್ರಕಟವಾದ ಅಮೆರಿಕೆಯ ಒಂದು ಪರೀಕ್ಷೆಯಲ್ಲಿ ೨೨ ಜನರು ಹದಿನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷದಂತೆ, ಒಂದು ಮುಂಗೈಯನ್ನು ನೀರಿನಲ್ಲಿಯೂ ಇನ್ನೊಂದನ್ನು ಅರ್ಧ ಶೇಕಡಾ ಆಮ್ಲವಿದ್ದ ಸೇಬಿನ ವಿನಿಗರಿನಲ್ಲಿಯೂ ನೆನೆಸಿದರು. ಇವರಲ್ಲಿ ಅರ್ಧ ಜನರು ಒಣಗಜ್ಜಿಯುಳ್ಳವರು. ಚರ್ಮದ ರಕ್ಷಣಶಕ್ತಿಯು ಹೆಚ್ಚಲಿಲ್ಲ. ೧೬ ಜನರಿಗೆ ವಿನಿಗರಿನಿಂದ ಉರಿತುರಿಕೆಗಳುಂಟಾದವು. ಇಷ್ಟು ತೆಳುವಾದ ದ್ರವವೇ ಹೀಗೆ ಮಾಡಿದರೆ ನೀರು ಬೆರೆಸದ್ದನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಬಿಡುವುದರಿಂದ ಸುಟ್ಟಗಾಯವಾಗುವುದರಲ್ಲಿ ಆಶ್ಚರ್ಯವಿಲ್ಲ. ಬಿರಿದ ಹಿಮ್ಮಡಿಗೆ ಹುಳಿನೀರನ್ನು ಸುರಿಯುವುದು ಶಾಸ್ತ್ರಕ್ಕೂ ವಿರುದ್ಧ, ಪರೀಕ್ಷೆಗೂ ವಿರುದ್ಧ.

ಎರಡನೆಯ ಮೇರೆಯು ಕಲ್ಕದ್ದು. ಸುಶ್ರುತೋಕ್ತವಾದ ಲೇಪದಲ್ಲಿ ಕಾಸೀಸವೆಂದರೆ ಅನ್ನಭೇದಿ, ಆಲವೆಂದರೆ ಹರಿತಾಳ. ಹರಿತಾಳವು ಪಾಷಾಣಗಂಧಕಗಳ ಸಂಯೋಗ, ವಿಷದ್ರವ್ಯ. ಬಿರಿದ ಚರ್ಮದ ಮೇಲೆ ಮನೆಯವರೇ ಅರೆದು ಹಚ್ಚತಕ್ಕದ್ದಲ್ಲ. ಪ್ರಾಚೀನವೆಂಬ ಒಂದೇ ಕಾರಣದಿಂದ ಯೋಗವನ್ನು ಪೂರ್ಣವಾಗಿ ಅನುಸರಿಸಹೊರಡುವವರು ಈ ಮಾತನ್ನು ನೆನಪಿಡಬೇಕು. ಲೇಪವನ್ನು ಬಿಟ್ಟರೆ ಯೋಗವು ಅರ್ಧ, ಇಟ್ಟರೆ ಅಪಾಯ. ಹೀಗಾಗಿ ಆರನಾಲಸೇಚನವನ್ನು ಇಂದು ಪೂರ್ವಾಂಗವೆಂದು ಮಾತ್ರ ಗಣಿಸಿ, ಉತ್ತರಾಂಗವನ್ನು ವೈದ್ಯನಿಗೆ ಬಿಡುವುದೇ ಯುಕ್ತ.

ಮೂರನೆಯ ಮೇರೆಯು ಎಲ್ಲಕ್ಕಿಂತ ಗುರುತರವಾದುದು. ಚರಕನು ಪ್ರಮೇಹದ ಪೂರ್ವರೂಪಗಳಲ್ಲಿ ಕೈಕಾಲುಗಳ ಸುಪ್ತತೆಯನ್ನೂ ದಾಹವನ್ನೂ ಹೇಳಿದ್ದಾನೆ. ಸುಪ್ತತೆಯೆಂದರೆ ಸ್ಪರ್ಶಜ್ಞಾನದ ಲೋಪ. ಸಕ್ಕರೆಕಾಯಿಲೆಯವನ ಪಾದವು ಉರಿಯುವುದೂ ಉಂಟು, ಅದೇ ಪಾದವು ಸುಟ್ಟರೂ ಗೊತ್ತಾಗದಿರುವುದೂ ಉಂಟು. ಉರಿಯನ್ನು ಕಂಡು ಅವನು ಹುಳಿನೀರಿಗೆ ಕಾಲಿಟ್ಟರೆ, ನೀರು ಬಿಸಿಯಾದದ್ದೂ ಹುಳಿಯು ತೀಕ್ಷ್ಣವಾದದ್ದೂ ಅವನಿಗೆ ತಿಳಿಯುವುದಿಲ್ಲ. ನೆನೆದ ಚರ್ಮದಲ್ಲಿ ಬಿರುಕು, ಬಿರುಕಿನಲ್ಲಿ ಹುಣ್ಣು, ಹುಣ್ಣಿನಿಂದ ಬೆರಳು ಅಥವಾ ಪಾದವನ್ನೇ ಕತ್ತರಿಸುವ ಸ್ಥಿತಿ. ಈ ಪರಂಪರೆಯು ಕಾಲ್ಪನಿಕವಲ್ಲ. ಆದುದರಿಂದಲೇ ಇಂದಿನ ವೈದ್ಯರು ಪ್ರಮೇಹಿಗಳಿಗೆ ಪಾದಗಳನ್ನು ಯಾವ ದ್ರವದಲ್ಲಿಯೂ ನೆನೆಯಿಡದೆ ಬೇಗ ತೊಳೆದು ಒರೆಸಿಕೊಳ್ಳುವಂತೆ ವಿಧಿಸುತ್ತಾರೆ. ಕುಷ್ಠದಿಂದ ಸ್ಪರ್ಶಜ್ಞಾನ ಕಳೆದುಕೊಂಡವರು ಒಣಗಿದ ಪಾದಗಳನ್ನು ಬರಿಯ ನೀರಿನಲ್ಲಿ ನೆನೆಸಿ ಎಣ್ಣೆ ಸವರಿಕೊಳ್ಳುವ ಕ್ರಮವುಂಟು. ಅಲ್ಲಿಯೂ ಹುಳಿಗೆ ಸ್ಥಾನವಿಲ್ಲ.

ನಾಲ್ಕನೆಯದು ಶ್ಲೀಪದ, ಎಂದರೆ ಆನೆಕಾಲು. ಹಳೆಯ ನೀರು ನಿಂತು ಎಲ್ಲ ಋತುಗಳಲ್ಲಿಯೂ ತಂಪಾಗಿರುವ ದೇಶಗಳಲ್ಲಿ ಇದು ವಿಶೇಷವಾಗಿ ಹುಟ್ಟುವುದೆಂದು ಸುಶ್ರುತನು ಹೇಳಿದ್ದಾನೆ. ಇಂತಹ ರೋಗಿಗಳಲ್ಲಿ ಬೆರಳ ಸಂದಿನ ಒಂದು ಸಣ್ಣ ಅಲಸವೇ ರೋಗಾಣುಗಳಿಗೆ ಬಾಗಿಲಾಗಿ ಮತ್ತೆಮತ್ತೆ ಜ್ವರವನ್ನೂ ಊತವನ್ನೂ ತರುತ್ತದೆ. ೧೯೯೯ರಲ್ಲಿ ಸ್ಥಾಪಿತವಾದ ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಇದಕ್ಕೆ ಆಯುರ್ವೇದ, ಯೋಗ, ಆಧುನಿಕ ವೈದ್ಯ ಇವುಗಳನ್ನು ಕೂಡಿಸಿದ ಕ್ರಮವನ್ನು ರೂಪಿಸಿದೆ. ಅಲ್ಲಿ ಪಾದವನ್ನು ಸಾಬೂನಿನಿಂದ ತೊಳೆದು, ಒರೆಸಿ, ಔಷಧಗಳ ಫಾಂಟದಲ್ಲಿ ನೆನೆಸುವುದು ಚಿಕಿತ್ಸೆಯ ಒಂದು ಅಂಗ. ಅಭ್ಯಂಗ, ಯೋಗಾಭ್ಯಾಸ, ಬಿಗಿಕಟ್ಟು ಇವು ಇತರ ಅಂಗಗಳು. ಪಾದಸೇಚನವೆಂಬ ಹಳೆಯ ಕ್ರಿಯೆಯು ವೈದ್ಯರ ಕಣ್ಗಾಪಿನಲ್ಲಿ, ದಾಖಲೆಯೊಡನೆ, ಇತರ ಅಂಗಗಳ ನಡುವೆ ತನ್ನ ಸ್ಥಾನವನ್ನು ಮರಳಿ ಪಡೆದುದಕ್ಕೆ ಇದು ಕನ್ನಡಿಗರ ನೆಲದ ಉದಾಹರಣೆ.

೮. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದ ಅಂಶಗಳನ್ನು ಸಂಗ್ರಹಿಸಬಹುದು. ಹುಳಿಯಿಂದ ಪಾದಸೇಚನವು ನಮ್ಮ ವೈದ್ಯದಲ್ಲಿ ಪ್ರಾಚೀನವಾದುದು. ವಿನಿಗರಿನ ಹೆಸರು ಹೊಸದಾದರೂ ಕ್ರಿಯೆಯು ಹೊಸದಲ್ಲ. ಅದು ಕೆಸರಿನಿಂದ ಹುಟ್ಟಿದ ಅಲಸಕ್ಕೆ ಉಕ್ತವಾದುದು, ಪಾದದಾರಿಗಲ್ಲ, ಪ್ರಮೇಹಿಯ ಪಾದದಾಹಕ್ಕಲ್ಲ. ಅದು ಲೇಪಕ್ಕೆ ಪೂರ್ವಾಂಗ, ಸ್ವತಂತ್ರವಾದ ಚಿಕಿತ್ಸೆಯಲ್ಲ. ಅದಕ್ಕೆ ಹೇಳಿದ ದ್ರವವು ಮೃದುವಾದ ಧಾನ್ಯಾಮ್ಲ, ಅಂಗಡಿಯ ತೀಕ್ಷ್ಣವಾದ ವಿನಿಗರಲ್ಲ.

ಮನೆಮದ್ದೆಂಬುದು ಶಾಸ್ತ್ರವು ಜನರ ಕೈಗೆ ಬರುವಾಗ ತಳೆಯುವ ರೂಪ. ಹಾಗೆ ಬರುವಾಗ ದ್ರವ್ಯದ ಹೆಸರು ಉಳಿಯುತ್ತದೆ, ಅಧಿಕಾರಿಭೇದವು ಉದುರಿಹೋಗುತ್ತದೆ. ವ್ಯಾಕರಣದಲ್ಲಿ ಸೂತ್ರವನ್ನು ಅಧಿಕಾರದಿಂದ ಬಿಡಿಸಿ ಓದಿದರೆ ಅಪಶಬ್ದವು ಹುಟ್ಟುವುದು, ಅಷ್ಟೇ. ವೈದ್ಯದಲ್ಲಿ ಯೋಗವನ್ನು ಪ್ರಕರಣದಿಂದ ಬಿಡಿಸಿ ಓದಿದರೆ ಒಬ್ಬನು ಕಾಲನ್ನೇ ಕಳೆದುಕೊಳ್ಳಬಹುದು. ಗ್ರಂಥಪಾಠವನ್ನು ಬಲ್ಲವರು ಈ ಯೋಗಗಳನ್ನು ಬರಿಯ ಹೆಮ್ಮೆಗೋಸ್ಕರ ಉದಾಹರಿಸದೆ ಅವುಗಳ ಪೂರ್ವಾಪರಗಳೊಡನೆ ಜನರಿಗೆ ತಿಳಿಸುವುದು ಕರ್ತವ್ಯವಾಗಿದೆ. ಬನವಾಸಿಯ ಸೀಮೆಯ ಕಡತಗಳಲ್ಲಿ ಅಡಗಿರುವ ಪಾದರೋಗಯೋಗಗಳನ್ನು ಸಂಗ್ರಹಿಸಿ, ಈ ದೃಷ್ಟಿಯಿಂದ ಸಂಸ್ಕರಿಸಿ ಪ್ರಕಟಿಸುವ ಕಾರ್ಯಕ್ಕೆ ತರುಣವಿದ್ವಾಂಸರು ಕೈಹಾಕುವರೆಂದು ಆಶಿಸುತ್ತೇನೆ.